ದ್ವಿತೀಯ ಬಂಜೆತನ ಚಿಕಿತ್ಸೆ, ನೈತಿಕತೆ

ಮಕ್ಕಳಿರುವ ಮಹಿಳೆ ಮತ್ತೆ ಗರ್ಭ ಧರಿಸಲು ಪಡೆಯುವ ಚಿಕಿತ್ಸೆಯಲ್ಲಿ ಒಪ್ಪಿಗೆ, ಅಪಾಯ, ವೆಚ್ಚ, ನ್ಯಾಯಗಳ ವಿಚಾರ. ಗರ್ಭನಿರೋಧಕವಿಲ್ಲದೆ 12 ತಿಂಗಳು ಕಳೆದರೂ ಮರುಗರ್ಭ ನಿಲ್ಲದಿರುವುದು ದ್ವಿತೀಯ ಬಂಜೆತನ. ಡಿಂಬನಾಳದ ಸೋಂಕು, ಏರುವ ವಯಸ್ಸು, ಪುರುಷನ ವೀರ್ಯದೋಷ ಇದರ ಕಾರಣಗಳು. ಸಂತಾನಹರಣ ಆಪರೇಷನ್ ಆದ ಮೇಲೆ ಮಗುವನ್ನು ಕಳೆದುಕೊಂಡವರು ನಾಳ ಮರುಜೋಡಣೆ ಬಯಸುವುದೂ ಉಂಟು. ಉಳಿದ ನಾಳದ ಉದ್ದ ಹಾಗೂ ವಯಸ್ಸು ಅದರ ಫಲ ನಿರ್ಧರಿಸುತ್ತವೆ, ಗರ್ಭಾಶಯದ ಹೊರಗೆ ಗರ್ಭ ನಿಲ್ಲುವ ಅಪಾಯವೂ ಇದೆ.

2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಮಹಿಳೆಗೆ 21ರಿಂದ 50 ವರ್ಷದ ಮಿತಿ ಹಾಕುತ್ತದೆ, ಮಕ್ಕಳಿರುವವರನ್ನು ಹೊರಗಿಡುವುದಿಲ್ಲ. ಅದೇ ವರ್ಷದ ಬಾಡಿಗೆ ತಾಯ್ತನ ಕಾಯ್ದೆ ಬದುಕಿರುವ ಮಗುವುಳ್ಳ ದಂಪತಿಗೆ ಅವಕಾಶ ನೀಡುವುದಿಲ್ಲ. ಮಗುವಿಗೆ ಅಂಗವೈಕಲ್ಯ, ಬುದ್ಧಿಮಾಂದ್ಯ ಅಥವಾ ಮಾರಕ ಕಾಯಿಲೆ ಇದ್ದರೆ ವಿನಾಯಿತಿ ಇದೆ. ಲಿಂಗ ಆಯ್ಕೆಯನ್ನು 1994ರ ಕಾಯ್ದೆ ನಿಷೇಧಿಸಿದೆ.

ವೆಚ್ಚದ ವಿಚಾರಕ್ಕೆ ಬಂದರೆ, ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಗ್ರಾಮೀಣ ತಾಲ್ಲೂಕುಗಳಿಂದ ನಗರದ ಆಸ್ಪತ್ರೆಗೆ ಪದೇ ಪದೇ ಹೋಗುವ ಕುಟುಂಬಕ್ಕೆ ಬಸ್ ಖರ್ಚು, ಕೂಲಿ ನಷ್ಟ, ಮನೆಯಲ್ಲಿರುವ ಮಕ್ಕಳ ಆರೈಕೆ ಸೇರಿ ಹೊರೆ ಹೆಚ್ಚುತ್ತದೆ. ಹೆಣ್ಣುಮಕ್ಕಳ ತಾಯಿಯ ಮೇಲೆ ಗಂಡುಮಗುವಿಗಾಗಿ ಅತ್ತೆಮನೆಯ ಒತ್ತಡವಿದ್ದಾಗ ಆಕೆಯ ಒಪ್ಪಿಗೆ ಸ್ವತಂತ್ರವೆನಿಸದು. ಆದ್ದರಿಂದ ಗಂಡನ ಪರೀಕ್ಷೆ, ಆಕೆಯೊಬ್ಬಳ ಜೊತೆ ಪ್ರತ್ಯೇಕ ಸಮಾಲೋಚನೆ ಮತ್ತು ಯಶಸ್ಸಿನ ಸಾಧ್ಯತೆಯ ನಿಜ ಮಾಹಿತಿ ನೈತಿಕ ಚಿಕಿತ್ಸೆಯ ಮೂಲ ಷರತ್ತುಗಳು.