ಮನೆಯಲ್ಲೇ ಉಳಿಯುವ ರೋಗ, ಆಸ್ಪತ್ರೆಗಷ್ಟೇ ಸಿಗುವ ವಿಮೆ: ಮುರಗೋಡ ಸೀಮೆಯ ನೆಲೆಯಿಂದ ಅಲ್ಜೈಮರ್ ಆರೈಕೆಯ ವಿಚಾರ

ಕರ್ನಾಟಕ ಸರ್ಕಾರದ 2024-25ರ ಬಜೆಟ್ಟಿನಲ್ಲಿ ಒಂದು ಸಣ್ಣ ಘೋಷಣೆ ಇತ್ತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡಬೇಕೆಂಬ ಘೋಷಣೆ ಅದು. ಮೊತ್ತ ಚಿಕ್ಕದು, ಅದರ ಹಿಂದಿನ ತಿಳಿವಳಿಕೆ ದೊಡ್ಡದು: ರೋಗಿಯ ಪಕ್ಕದಲ್ಲಿ ಕೂತವರಿಗೂ ಖರ್ಚಿದೆ, ನಷ್ಟವಿದೆ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಆದರೆ ಆ ನಾಲ್ಕು ಹೆಸರುಗಳಲ್ಲಿ ಅಲ್ಜೈಮರ್ ಇರಲಿಲ್ಲ.

ಆ ಹೆಸರು ಬಿಟ್ಟುಹೋದದ್ದನ್ನು ಬರಿಯ ಮರೆವು ಎಂದು ತಳ್ಳಿಹಾಕಲಾಗದು. ಅಲ್ಜೈಮರ್ ರೋಗಿಯ ಪೋಷಣೆ ಹೇಗಿರುತ್ತದೆ ಎಂಬುದನ್ನು ವಿಮೆ, ಪಿಂಚಣಿ, ಪ್ರಮಾಣಪತ್ರಗಳ ನಮ್ಮ ಇಡೀ ಏರ್ಪಾಡೇ ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಡುವಿನ ಮುರಗೋಡದಂಥ ಊರಿನಿಂದ ನೋಡಿದರೆ ಈ ಕೊರತೆ ಬೆಂಗಳೂರಿನಿಂದ ಕಾಣುವುದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ.

ಲಾಸಿ-ಡ್ಯಾಡ್ ಎಂಬ ರಾಷ್ಟ್ರೀಯ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ, ಅಂದರೆ ಅಲ್ಜೈಮರ್‌ನಂಥ ರೋಗಗಳಿಂದಾಗುವ ಬುದ್ಧಿಕ್ಷಯ, ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಶಾಲೆಯ ಮೆಟ್ಟಿಲು ಹತ್ತದವರಲ್ಲಿ ಹೆಚ್ಚು. ಈ ಮೂರನ್ನೂ ಒಟ್ಟಿಗೆ ಇಟ್ಟರೆ ಕಣ್ಣೆದುರು ಬರುವವಳು ಎರೆಭೂಮಿಯ ಹಳ್ಳಿಯಲ್ಲಿ ಹತ್ತಿ ಬಿಡಿಸಿ, ಕಳೆ ತೆಗೆದು, ಹೆಬ್ಬೆಟ್ಟು ಒತ್ತಿಯೇ ಜೀವನ ಕಳೆದ ಮುದುಕಿ. ಅವಳು ಉಂಡದ್ದನ್ನು ಮರೆತು ಮತ್ತೆ ರೊಟ್ಟಿ ಕೇಳಿದರೆ ಮನೆಯವರು "ವಯಸ್ಸಾತು, ಅರಳು ಮರಳು" ಅನ್ನುತ್ತಾರೆ. ಸೊಸೆ ಇನ್ನೊಂದು ರೊಟ್ಟಿ ಕೊಡುತ್ತಾಳೆ. ಆಸ್ಪತ್ರೆಯ ಮಾತು ಬರುವುದು ಅವಳು ಬಿದ್ದು ತೊಡೆಯ ಎಲುಬು ಮುರಿದಾಗ, ಇಲ್ಲವೇ ರಾತ್ರಿ ಮನೆಬಿಟ್ಟು ಹೋದಾಗ.

ಸಮಸ್ಯೆ ರೋಗವನ್ನು ಗುರುತಿಸುವಲ್ಲಿಯೇ ಶುರುವಾಗುತ್ತದೆ. ಪಶ್ಚಿಮದಿಂದ ಬಂದ ಜ್ಞಾಪಕಶಕ್ತಿಯ ಪರೀಕ್ಷೆಗಳು ವಾಕ್ಯ ಬರೆಯಿರಿ, ಚಿತ್ರ ನಕಲು ಮಾಡಿರಿ, ಇಂದಿನ ತಾರೀಖು ಹೇಳಿರಿ ಎನ್ನುತ್ತವೆ. ಪಾಟಿ ಹಿಡಿಯದವಳು ಇದರಲ್ಲಿ ಸೋತರೆ ಅದು ರೋಗವೋ ಅನಕ್ಷರತೆಯೋ? ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲೇ ಮೇರಿ ಗಂಗೂಲಿ ಮತ್ತು ಸಂಗಡಿಗರು ಅಕ್ಷರ ಬಾರದ ಹಿರಿಯರಿಗೆಂದು ಪರೀಕ್ಷೆಯನ್ನು ಮರುರೂಪಿಸಿದರು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷಾ ಸಾಮಗ್ರಿ ಕನ್ನಡವೂ ಸೇರಿ ಐದು ಭಾಷೆಗಳಲ್ಲಿದೆ. ಸವದತ್ತಿ ಸೀಮೆಯಲ್ಲಿ ತಾರೀಖಿನ ಬದಲು ಯಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ ಆಯಿತೋ ಇಲ್ಲವೋ ಎಂದು ಕೇಳುವುದು ಹೆಚ್ಚು ನ್ಯಾಯದ ಪ್ರಶ್ನೆಯಾದೀತು.

ಇಲ್ಲೊಂದು ಉಪಕಥೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು. ಎರಡು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಕನ್ನಡ-ಮರಾಠಿ ಎರಡರಲ್ಲೂ ವ್ಯವಹರಿಸುವ ಬೆಳಗಾವಿ ಜಿಲ್ಲೆ ಇಂಥ ಅಧ್ಯಯನಕ್ಕೆ ಹೇಳಿ ಮಾಡಿಸಿದಂತಿದೆ. 

ಕರ್ನಾಟಕದಲ್ಲಿ ಕೆಲಸವೇ ನಡೆದಿಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿತು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ಇರುವವರಿಗೆ ವಸತಿ ಸಹಿತ ಆರೈಕೆ ಕೇಂದ್ರ ನಡೆಸುತ್ತಿದೆ. ಆದರೆ ಇವೆಲ್ಲ ಮೊದಲು ಬೇರುಬಿಟ್ಟದ್ದು ಬೆಂಗಳೂರು ಮತ್ತು ಅದರ ಪೂರ್ವದ ಜಿಲ್ಲೆಗಳಲ್ಲಿ. ಮುರಗೋಡದವರು ತಜ್ಞರನ್ನು ಕಾಣಬೇಕೆಂದರೆ ಬೆಳಗಾವಿಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಹೋಗಬೇಕು. ಗೊಂದಲಗೊಂಡ ಹಿರಿಯರನ್ನು ಬಸ್ಸಿನಲ್ಲಿ ಕರೆದೊಯ್ಯಲು ಇಬ್ಬರು ಬೇಕು. ಇಬ್ಬರ ಒಂದು ದಿನದ ಕೂಲಿ ಅಲ್ಲಿಗೆ ಹೋಯಿತು.

ಈಗ ವಿಮೆಗೆ ಬರೋಣ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ. ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ಈ ರಕ್ಷಣೆಯನ್ನು ವಿಸ್ತರಿಸಿತು. ಎರಡೂ ದೊಡ್ಡ ಹೆಜ್ಜೆಗಳೇ. ಆದರೆ ಇವು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದವರಿಗಾಗಿ ಇರುವಂಥವು. ಅಲ್ಜೈಮರ್ ರೋಗಿ ವರ್ಷಗಟ್ಟಲೆ ಇರುವುದು ಮನೆಯ ಪಡಸಾಲೆಯಲ್ಲಿ. ಸ್ನಾನ ಮಾಡಿಸುವುದು, ಉಣಿಸುವುದು, ಬಟ್ಟೆ ಬದಲಿಸುವುದು, ರಾತ್ರಿ ಬಾಗಿಲ ಅಗಳಿ ಕಾಯುವುದು: ಇದ್ಯಾವುದಕ್ಕೂ ಪ್ಯಾಕೇಜ್ ಇಲ್ಲ. ನಿಮ್ಹಾನ್ಸ್‌ನ ಗಿರೀಶ್ ರಾವ್ ಮತ್ತು ಶ್ರೀಕಲಾ ಭರತ್ 2013ರ ಲೇಖನದಲ್ಲಿ ಒಬ್ಬ ರೋಗಿಯ ಆರೈಕೆಗೆ ಹಳ್ಳಿಯ ಕುಟುಂಬಕ್ಕೆ ವರ್ಷಕ್ಕೆ 20,300ರಿಂದ 66,025 ರೂಪಾಯಿ, ಪಟ್ಟಣದಲ್ಲಿ 45,600ರಿಂದ 2,02,450 ರೂಪಾಯಿ ತಗಲುತ್ತದೆಂದು ಅಂದಾಜಿಸಿದ್ದರು. ಅಂದಿನ ಬೆಲೆಯಲ್ಲಿ. ಇಂದು ಹಿರಿಯರಿಗೆ ಸಿಗುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ, ವರ್ಷಕ್ಕೆ 14,400.

ಖಾಸಗಿ ವಿಮೆಯ ಕಥೆ ಇನ್ನೂ ಸೋಜಿಗದ್ದು. ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2017 ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ನೆನಪಿನ ತೀವ್ರ ದೋಷವನ್ನೂ ಸೇರಿಸಿದೆ. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಅದರ 21ನೇ ಕಲಮು ಹೇಳುತ್ತದೆ. ಇತ್ತ ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿ, ಪಾಲಿಸಿ ಕೊಳ್ಳುವಾಗಲೇ ಇರುವ ಕೆಲವು ರೋಗಗಳನ್ನು ಗ್ರಾಹಕರ ಒಪ್ಪಿಗೆ ಪಡೆದು ಶಾಶ್ವತವಾಗಿ ಹೊರಗಿಡಬಹುದೆಂದು ಪಟ್ಟಿಯನ್ನೇ ಕೊಟ್ಟಿತು. ಆ ಪಟ್ಟಿಯಲ್ಲಿ ಅಲ್ಜೈಮರ್ ಇತ್ತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಿತೆಂದರೆ ಅತಿಶಯವಲ್ಲ. ಪಾಲಿಸಿ ಮೊದಲೇ ಇದ್ದವರಿಗೂ ಒಂದು ಅಪಾಯ ಕಾದಿರುತ್ತದೆ: ಕಂತು ಕಟ್ಟುವ ದಿನವನ್ನೇ ರೋಗಿ ಮರೆತರೆ ಪಾಲಿಸಿ ರದ್ದಾಗಬಹುದು. ಹೀಗಾಗಿ ಮನೆಯ ಇನ್ನೊಬ್ಬರಿಗೂ ಕಂತಿನ ಸೂಚನೆ ಕಳುಹಿಸುವುದನ್ನು ಕಡ್ಡಾಯ ಮಾಡಬೇಕು. ಇದಕ್ಕೆ ಹೆಚ್ಚಿನ ದುಡ್ಡು ಬೇಕಿಲ್ಲ.

ದಾರಿ ಇಲ್ಲವೇ? ಬೆಳಗಾವಿ ಸಹಕಾರಿ ಸಂಘಗಳ ಜಿಲ್ಲೆ. ಕೃಷಿ ಪತ್ತಿನ ಸಂಘಗಳು, ಹಾಲಿನ ಡೇರಿಗಳು, ಸಹಕಾರಿ ಸಕ್ಕರೆ ಕಾರ್ಖಾನೆಗಳು ಈ ಭಾಗದ ರೈತರ ದಿನಚರಿಯಲ್ಲೇ ಇವೆ. ಸಹಕಾರಿಗಳಿಗೆಂದು 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಆಗ ವರ್ಷಕ್ಕೆ 60 ರೂಪಾಯಿ ಪಡೆದು ಶಸ್ತ್ರಚಿಕಿತ್ಸೆ ಮಾಡಿಸುತ್ತಿತ್ತು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡ ಅದು ಮತ್ತೆ ಮರುಜೀವ ಪಡೆದಿದೆ. ಸದಸ್ಯರ ಪಟ್ಟಿ ಇದೆ, ಹಣ ಕಟ್ಟುವ ರೂಢಿ ಇದೆ, ಸಂಘದ ಕಾರ್ಯದರ್ಶಿಗೆ ಪ್ರತಿ ಮನೆಯ ಪರಿಚಯವಿದೆ. ಕೊರತೆ ಒಂದೇ: ಯಶಸ್ವಿನಿಯ ಕಟ್ಟೋಣ ಶಸ್ತ್ರಚಿಕಿತ್ಸೆಯ ಮೇಲೆ ನಿಂತಿದೆ, ಅಲ್ಜೈಮರ್‌ಗೆ ಶಸ್ತ್ರಚಿಕಿತ್ಸೆಯೇ ಇಲ್ಲ. ಹೊರರೋಗಿ ಚಿಕಿತ್ಸೆ, ಥೆರಪಿ ಎರಡನ್ನೂ ವಿಮೆಗೆ ಸೇರಿಸುವುದು ಅಸಾಧ್ಯವೇನಲ್ಲ. ರಾಷ್ಟ್ರೀಯ ನ್ಯಾಸದ 'ನಿರಾಮಯ' ಯೋಜನೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷದವರೆಗೆ ಇದನ್ನೇ ಕೊಡುತ್ತಿದೆ. ಅದೇ ಮಾದರಿಯನ್ನು ಯಶಸ್ವಿನಿಯ ಜಾಲಕ್ಕೆ ಜೋಡಿಸಿ ಒಂದು ತಾಲೂಕಿನಲ್ಲಿ ಪ್ರಯೋಗಿಸಿ ನೋಡಬಹುದು.

ವಿಮೆ ತಂದರಷ್ಟೇ ಸಾಲದು, ಅಳತೆಯೂ ಸರಿಯಿರಬೇಕು. ಜರ್ಮನಿ 1995ರಲ್ಲೇ ದೀರ್ಘಾವಧಿ ಆರೈಕೆಗೆ ಪ್ರತ್ಯೇಕ ವಿಮೆ ತಂದಿತು. ಆದರೂ ಅಲ್ಲಿನ ಅಳತೆಗೋಲು ಬಹುಕಾಲ ದೇಹದ ಅಶಕ್ತತೆಯನ್ನೇ ನೋಡುತ್ತಿತ್ತು. ಓಡಾಡಬಲ್ಲ ಆದರೆ ಒಲೆ ಆರಿಸುವುದನ್ನು ಮರೆಯುವ ರೋಗಿ ಅದರ ಕಣ್ಣಿಗೆ ಸರಿಯಾಗಿ ಬೀಳಲಿಲ್ಲ. 2017ರಲ್ಲಿ ಐದು ಹಂತಗಳ ಹೊಸ ಅಳತೆ ತಂದು ಅದನ್ನು ತಿದ್ದಿದರು. ನಮ್ಮ ಅಂಗವೈಕಲ್ಯ ಪ್ರಮಾಣಪತ್ರದ ಮುಂದೆ ಅದೇ ಪ್ರಶ್ನೆ ಈಗ ಬಂದು ನಿಂತಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಅಲ್ಜೈಮರ್ ಹೆಸರಿಲ್ಲ, ಮಾನಸಿಕ ಕಾಯಿಲೆಯ ಬಾಗಿಲಿನಿಂದ ಒಳಗೆ ಬರಬೇಕು. ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳುಹಿಸುವ 'ಮನೋಚೈತನ್ಯ' ಕಾರ್ಯಕ್ರಮ ರಾಜ್ಯದಲ್ಲಿದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗದಲ್ಲಿ ಅದೇ ದಿನ ತಪಾಸಣೆ ನಡೆಸಿ ಪ್ರಮಾಣಪತ್ರಕ್ಕೆ ಶಿಫಾರಸು ಮಾಡಿದರೆ ಬೆಳಗಾವಿಯ ಎಷ್ಟೋ ಓಡಾಟ ತಪ್ಪುತ್ತದೆ. ಯಾರನ್ನು ತಪಾಸಣೆಗೆ ಕರೆತರಬೇಕೆಂಬುದು ಆಶಾ ಕಾರ್ಯಕರ್ತೆಯರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇಷ್ಟಾದರೂ ರೋಗಿಯ ಪರವಾಗಿ ಅರ್ಜಿಗೆ ಸಹಿ ಯಾರದು ಎಂಬ ತೊಡಕು ಉಳಿಯುತ್ತದೆ. ಮಾನಸಿಕ ಆರೋಗ್ಯ ಪಾಲನೆಯ 2017ರ ಕಾಯ್ದೆಯ 14ನೇ ಕಲಮಿನಂತೆ ಯಾರಾದರೂ ತಮ್ಮ ಪರವಾಗಿ ಒಬ್ಬ ಪ್ರತಿನಿಧಿಯನ್ನು ನೇಮಿಸಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ರೋಗದ ಮೊದಲ ಹಂತದಲ್ಲಿ, ತಿಳಿವು ಇರುವಾಗಲೇ ಇದು ಆಗಬೇಕು. ಆ ಪ್ರತಿನಿಧಿಯ ಅಧಿಕಾರ ಚಿಕಿತ್ಸೆಗೆ ಸಂಬಂಧಿಸಿದ್ದು. ಬ್ಯಾಂಕಿನ ಖಾತೆ, ಹೊಲದ ಪಹಣಿಗಳಿಗೆ ಅದು ಸಾಲದು, ಅವುಗಳಿಗೆ ಕುಟುಂಬಗಳು ಇನ್ನೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿದೆ.