ಕಪ್ಪು ಪಾಪೆಯ ಹಿಂದೆ

ಜರ್ಮನ್ ಭಾಷೆಯಲ್ಲಿ ಕಣ್ಣಿನ ಪೊರೆಗೆ ಇಂದಿಗೂ ‘ಬೂದು ಸ್ಟಾರ್’ ಎನ್ನುತ್ತಾರೆ, ಗ್ಲಾಕೋಮಾಕ್ಕೆ ‘ಹಸಿರು ಸ್ಟಾರ್’. ಈ ಸ್ಟಾರ್‌ಗೂ ನಕ್ಷತ್ರಕ್ಕೂ ನಂಟಿಲ್ಲ. ನೆಟ್ಟ ನೋಟದ ಕುರುಡು ಎಂಬರ್ಥದ ಹಳೆಯ ಪದವೊಂದರ ತುಂಡು ಅದು. ಹಿಂದೆ ಮೂರನೆಯದೊಂದೂ ಇತ್ತು: ‘ಕಪ್ಪು ಸ್ಟಾರ್’. ಪಾಪೆ ತಿಳಿಯಾಗಿ ಕಪ್ಪಗೇ ಇದೆ, ಆದರೂ ದೃಷ್ಟಿಯಿಲ್ಲ. ಅಂಥ ಕುರುಡನ್ನೆಲ್ಲ ವೈದ್ಯರು ಈ ಹೆಸರಿನೊಳಗೆ ತುಂಬುತ್ತಿದ್ದರು. ಅಕ್ಷಿಪಟಲ ಕಳಚಿರಲಿ, ರಕ್ತನಾಳ ಕಟ್ಟಿರಲಿ, ಕಣ್ಣಿನ ನರ ಸೊರಗಿರಲಿ, ಹೆಸರು ಒಂದೇ. ಬೇರೆ ಬೇರೆ ಹೆಸರಿಡಲು ಒಳಗೆ ಏನಾಗಿದೆಯೆಂದು ಯಾರೂ ಕಂಡಿರಲಿಲ್ಲ.

ಕಾಣದಿರಲು ಕಾರಣವಿತ್ತು. ಕಣ್ಣಿನೊಳಕ್ಕೆ ಹೋದ ಬೆಳಕು ಹೋದ ದಾರಿಯಲ್ಲೇ ಮರಳುತ್ತದೆ. ಅದನ್ನು ಹಿಡಿಯಬೇಕಾದರೆ ದೀಪಕ್ಕೂ ಕಣ್ಣಿಗೂ ನಡುವೆ ತಲೆಯಿಡಬೇಕು. ಇಟ್ಟರೆ ದೀಪವೇ ಮರೆಯಾಗುತ್ತದೆ. 1850ರಲ್ಲಿ ಕೋನಿಗ್ಸ್‌ಬರ್ಗಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತಿದ್ದ ಹರ್ಮನ್ ಹೆಲ್ಮ್‌ಹೋಲ್ಟ್ಸ್, ಇದನ್ನು ವಿದ್ಯಾರ್ಥಿಗಳಿಗೆ ವಿವರಿಸಲು ಹೊರಟು ಪರಿಹಾರವನ್ನೇ ಕಂಡುಕೊಂಡ. ತೆಳುಗಾಜಿನ ಕೆಲವು ಹಾಳೆಗಳನ್ನು ಜೋಡಿಸಿ ಓರೆಯಾಗಿ ಹಿಡಿದ. ಪಕ್ಕದ ದೀಪದ ಬೆಳಕು ಗಾಜಿನಿಂದ ಪ್ರತಿಫಲಿಸಿ ರೋಗಿಯ ಕಣ್ಣು ಹೊಕ್ಕಿತು. ಮರಳಿದ ಬೆಳಕಿನ ಒಂದು ಪಾಲು ಅದೇ ಗಾಜನ್ನು ಹಾಯ್ದು ನೋಡುವವನ ಕಣ್ಣು ಸೇರಿತು. ನಡುವೆ ನಿಮ್ನ ಮಸೂರವಿಟ್ಟಾಗ ಜೀವಂತ ಮನುಷ್ಯನ ಅಕ್ಷಿಪಟಲ, ಅದರ ರಕ್ತನಾಳಗಳು, ನರ ಹೊರಡುವ ದುಂಡು ಬಿಲ್ಲೆ ಎಲ್ಲವೂ ಸ್ಪಷ್ಟವಾದವು. 1851ರಲ್ಲಿ ಆತ ಈ ‘ಕಣ್ಗನ್ನಡಿ’ಯ ವಿವರ ಪ್ರಕಟಿಸಿದ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1847ರಲ್ಲೇ ಇಂಥದೊಂದನ್ನು ಮಾಡಿ ಕಣ್ಣಿನ ವೈದ್ಯ ವಾರ್ಟನ್ ಜೋನ್ಸ್‌ಗೆ ತೋರಿಸಿದ್ದ. ಜೋನ್ಸ್ ಅದರ ಬೆಲೆಯನ್ನು ಆಗ ಅರಿಯಲಿಲ್ಲ.

ಆದರೆ ಕಂಡದ್ದೆಲ್ಲ ತಿಳಿದಂತಾಗಲಿಲ್ಲ. ಬರ್ಲಿನ್ನಿನ ತರುಣ ವೈದ್ಯ ಆಲ್ಬ್ರೆಕ್ಟ್ ಫಾನ್ ಗ್ರೇಫ ಗ್ಲಾಕೋಮಾ ರೋಗಿಗಳ ಕಣ್ಣೊಳಗೆ ಇಣುಕಿ, ನರದ ಬಿಲ್ಲೆ ಊದಿಕೊಂಡಿದೆ ಎಂದು 1854ರಲ್ಲಿ ಬರೆದ. ವಿಯೆನ್ನಾದ ಎಡ್ವರ್ಡ್ ಯೇಗರ್ ಕೂಡ ಹಾಗೆಯೇ ಭಾವಿಸಿದ್ದ. ಒಂದೇ ಕಣ್ಣಿನಿಂದ ನೋಡುವ ಚಿತ್ರದಲ್ಲಿ ಆಳ ಗೊತ್ತಾಗುವುದಿಲ್ಲ. ಉಬ್ಬನ್ನು ತಗ್ಗೆಂದೂ ತಗ್ಗನ್ನು ಉಬ್ಬೆಂದೂ ಓದಬಹುದು. ಮರುವರ್ಷವೇ ಗ್ರೇಫ ತನ್ನ ಮಾತನ್ನು ತಾನೇ ತಿದ್ದಿದ: ಅದು ಊತವಲ್ಲ, ಗುಳಿ. ಕಣ್ಣೊಳಗಿನ ಒತ್ತಡಕ್ಕೆ ಸಿಕ್ಕಿ ಬಿಲ್ಲೆ ಹಿಂದಕ್ಕೆ ಕುಸಿದಿತ್ತು.

ಈ ತಿದ್ದುಪಡಿ ಚಿಕಿತ್ಸೆಯ ದಾರಿಗೂ ನೆರವಾಯಿತು. ರೋಗದ ಬೇರು ಒತ್ತಡವಾದರೆ ಅದನ್ನು ಇಳಿಸಬೇಕು. 1857ರಲ್ಲಿ ಗ್ರೇಫ, ಪಾಪೆಯ ಸುತ್ತಲಿನ ಬಣ್ಣದ ಪರದೆಯ ಒಂದು ತುಣುಕನ್ನು ಕತ್ತರಿಸಿ ತೆಗೆದು ಗ್ಲಾಕೋಮಾಕ್ಕೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಪ್ರಕಟಿಸಿದ. ಅಲ್ಲಿಯವರೆಗೆ ಕೈಚೆಲ್ಲಿದ್ದ ರೋಗವದು. 1859ರಲ್ಲಿ, ಅಕ್ಷಿಪಟಲದ ಮುಖ್ಯ ಅಪಧಮನಿ ಕಟ್ಟಿಕೊಂಡು ದೃಷ್ಟಿ ಹಠಾತ್ತನೆ ಹೋಗುವುದನ್ನು ವಿವರಿಸಿದ. 1860ರಲ್ಲಿ ನಿಜವಾಗಿಯೂ ಊದಿಕೊಂಡ ಬಿಲ್ಲೆಗಳನ್ನು ಗುರುತಿಸಿ, ಅವನ್ನು ಮೆದುಳಿನ ಗೆಡ್ಡೆಗಳಿಗೆ ಜೋಡಿಸಿದ. ಗುಳಿಬಿದ್ದರೆ ಒತ್ತಡ ಕಣ್ಣಿನೊಳಗೆ, ಊದಿದ್ದರೆ ತಲೆಬುರುಡೆಯೊಳಗೆ. ಅದೇ ಪುಟ್ಟ ಬಿಲ್ಲೆ ಎರಡು ಬೇರೆ ಅಪಾಯಗಳ ಸುದ್ದಿ ಹೇಳತೊಡಗಿತು.

ಹೀಗೆ ‘ಕಪ್ಪು ಸ್ಟಾರ್’ ಹತ್ತಾರು ರೋಗಗಳಾಗಿ ಒಡೆಯಿತು, ವೈದ್ಯಕೀಯದಿಂದ ಆ ಹೆಸರೇ ಮರೆಯಾಯಿತು. ಆ ಗುಳಿಯನ್ನು ಮಾತ್ರ ಕಣ್ಣಿನ ವೈದ್ಯರು ಇಂದಿಗೂ ಅಳೆಯುತ್ತಾರೆ. ಗ್ಲಾಕೋಮಾ ಹೆಚ್ಚಿನವರಲ್ಲಿ ನೋವಿಲ್ಲದೆ, ಸದ್ದಿಲ್ಲದೆ ಬರುತ್ತದೆ; ಹೋದ ದೃಷ್ಟಿ ಮರಳುವುದಿಲ್ಲ. ರೋಗಿಗೆ ಏನೂ ಅನಿಸದ ಹೊತ್ತಿನಲ್ಲೂ ಆ ಗುಳಿ ಹಿಗ್ಗುತ್ತಿರಬಹುದು. ಉಳಿದ ನೋಟ ಉಳಿಯಬೇಕಾದರೆ, ಯಾರಾದರೊಬ್ಬರು ಪಾಪೆಯಾಚೆ ಬೆಳಕು ಹಾಯಿಸಿ ಅದನ್ನು ನೋಡಲೇಬೇಕು.