ಕೊನೆಯ ಕಲ್ಲಿಗೆ ಒಲಿದ ಚಿನ್ನ

ಸುಮಾರು 20 ಕಿಲೋ ತೂಕದ ಗ್ರಾನೈಟ್ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಸಿ ದೂರದ ವೃತ್ತದ ನಡುವೆ ನಿಲ್ಲಿಸುವ ಆಟವೇ ಕರ್ಲಿಂಗ್. ಕಲ್ಲಿನ ಮುಂದೆ ಬ್ರಷ್‌ನಿಂದ ಉಜ್ಜಿದಷ್ಟೂ ಅದರ ಓಟ ಹೆಚ್ಚುತ್ತದೆ. ನೋಡಲು ಮನೆ ಗುಡಿಸಿದಂತಿದ್ದರೂ ಲೆಕ್ಕಾಚಾರ ಚದುರಂಗದ್ದು.

2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ರೋನಾ ಮಾರ್ಟಿನ್ ನಾಯಕತ್ವದ ಬ್ರಿಟನ್ ಮಹಿಳಾ ತಂಡ ಲೀಗ್ ಹಂತದಲ್ಲೇ ನಿರ್ಗಮಿಸುವುದರಲ್ಲಿತ್ತು. ತಂಡದ ಐವರೂ ಸ್ಕಾಟ್ಲೆಂಡ್‌ನವರು. ಒಂಬತ್ತು ಪಂದ್ಯಗಳಲ್ಲಿ ಗೆದ್ದದ್ದು ಐದು. ಕೊನೆಯ ಎರಡರಲ್ಲಿ ಸೋಲು. ಸ್ವಿಟ್ಜರ್ಲೆಂಡ್ ತಂಡ ಜರ್ಮನಿಯನ್ನು ಮಣಿಸಿದ್ದರಿಂದ ಉಸಿರು ಉಳಿಯಿತು. ಸಮಬಲ ಮುರಿಯುವ ಪಂದ್ಯಗಳಲ್ಲಿ ಸ್ವೀಡನ್ ಹಾಗೂ ಜರ್ಮನಿ ಸೋತವು. ಸೆಮಿಫೈನಲ್‌ನಲ್ಲಿ, ಲೀಗ್‌ನ ಅಗ್ರ ತಂಡ ಕೆನಡಾ 6-5ರಿಂದ ಶರಣಾಯಿತು.

ಫೆಬ್ರುವರಿ 21ರ ಫೈನಲ್‌ನಲ್ಲಿ ಎದುರಿಗಿದ್ದದ್ದು, ಅವರನ್ನು ಬದುಕಿಸಿದ್ದ ಅದೇ ಸ್ವಿಟ್ಜರ್ಲೆಂಡ್! ಕೊನೆಯ ಸರದಿಗೆ ಅಂಕ 3-3. ಕಟ್ಟಕಡೆಯ ಕಲ್ಲು ಮಾರ್ಟಿನ್ ಕೈಯಲ್ಲಿತ್ತು. ಅದು ಎದುರಾಳಿಯ ಕಲ್ಲಿಗಿಂತ ಕೇಂದ್ರಕ್ಕೆ ಸಮೀಪ ನಿಂತು, 4-3ರಿಂದ ಚಿನ್ನ ದಕ್ಕಿತು. 1984ರ ನಂತರ ಬ್ರಿಟನ್ ಕಂಡ ಮೊದಲ ಚಳಿಗಾಲದ ಚಿನ್ನವದು. ಅಲ್ಲಿ ಆಗ ನಡುರಾತ್ರಿ ದಾಟಿತ್ತು. ಆದರೂ ಐವತ್ತು ಲಕ್ಷಕ್ಕೂ ಹೆಚ್ಚು ಮಂದಿ ಟಿವಿ ಮುಂದೆ ಕುಳಿತಿದ್ದರು.

ಮಾರ್ಟಿನ್ ಅವರ ಪದಕ 2014ರಲ್ಲಿ ಡಮ್‌ಫ್ರೀಸ್ ವಸ್ತುಸಂಗ್ರಹಾಲಯದಿಂದ ಕಳವಾಯಿತು. ಈ ವಿಭಾಗದ ಮುಂದಿನ ಚಿನ್ನಕ್ಕೆ ಬ್ರಿಟನ್ 2022ರ ಬೀಜಿಂಗ್‌ವರೆಗೆ ಕಾಯಬೇಕಾಯಿತು. ಈವ್ ಮ್ಯೂರ್‌ಹೆಡ್ ಅವರ ಆ ತಂಡವೂ ಲೀಗ್‌ನಲ್ಲಿ ಗೆದ್ದದ್ದು ಐದೇ ಪಂದ್ಯ.